ಲಂಡನ್ನಿಗೆ ಹೊರಟ ಡೊಳ್ಳು

ಡೊಳ್ಳಿನ ಮೇಲೆ ಶರಣುವಿನ ಏಟು ನಿಜಕ್ಕೂ ತನ್ನದಕ್ಕಿಂತ ಗಟ್ಟಿಯೇ, ಅಥವಾ ಅವನು ನಗುತ್ತಾ ಬಾರಿಸುತ್ತಾನೆ ಎಂಬುದಷ್ಟೇ ಕಾರಣವೇ? ಲಂಡನ್ನಿನ ಕನ್ನಡ ಹಬ್ಬಕ್ಕೆ ನ್ಯಾಮತಿಯ ಅವರ ಡೊಳ್ಳಿನ ತಂಡದಿಂದ ಒಬ್ಬನಿಗಷ್ಟೇ ಕರೆ ಬಂದಿತ್ತು. ತಂಡದ ಹಿರಿಯ ತಿಪ್ಪೇಶಪ್ಪ ಶರಣುವನ್ನು ಆರಿಸಿದ್ದು ಜೊತೆಗೆ ಬಾರಿಸುವ ಪರಶುರಾಮನಿಗೆ ಇನ್ನೂ ಅರಗಿರಲಿಲ್ಲ.

"ಡಿಗ್ರಿ ಓದಿದೋನು ನೀನು. ಬೆಂಗಳೂರಿಂದ ಲಂಡನ್ನು ಎಷ್ಟು ದೂರ ಐತೆ, ನೋಡಿ ಹೇಳೋ," ಎಂದ ಶರಣು.

ಪರಶುರಾಮ್ ಫೋನ್ ನೋಡಿದ. "ಎಂಟು ಸಾವಿರ ಕಿಲೋಮೀಟರ್. ಹತ್ತು ತಾಸಿನ ಮೇಲಾಗ್ತದೆ."

"ಅಷ್ಟೇಯಾ? ಹೊನ್ನಾಳಿ ಬಸ್ ಕಾಯಾಕೇ ಅರ್ಧ ದಿನ ಹೋಗ್ತದೆ."

ಶರಣು ಡೊಳ್ಳಿನ ಹಗ್ಗವನ್ನು ಇನ್ನಷ್ಟು ಬಿಗಿದ. ಜಗಳೂರಿನ ಕಡೆ ಹೋಗುವಾಗಲೆಲ್ಲ, ಅಲ್ಲಿನ ಒಣ ಬಿಸಿಲಿಗೆ ಚರ್ಮ ಬಿಗಿದು ಹರಿಯದಿರಲೆಂದು ತಂಡದವರು ಹಗ್ಗ ಸಡಿಲಿಸಿಕೊಂಡೇ ಹೊರಡುತ್ತಿದ್ದರು.

"ಈ ಸಲ ಸಡ್ಲ ಮಾಡಾದು ಬ್ಯಾಡ. ವಿಮಾನದಾಗೆ ಎಸಿ ಇರ್ತದೆ, ತಂಪು. ಇಳಿದ ಕೂಡ್ಲೇ ಬಾರಿಸಬೋದು, ಅಲ್ವೇನೋ?"

ಪರಶುರಾಮ್ ಫೋನನ್ನು ಜೇಬಿಗಿಟ್ಟ. ಸಂಜೆ ಅವನೇ ಡೊಳ್ಳನ್ನು ಹೊತ್ತು ಬೆಂಗಳೂರಿನ ಬಸ್ಸಿಗೆ ಏರಿಸಿದ. ವಿಮಾನದೊಳಗಿನ ಗಾಳಿ ಜಗಳೂರಿನ ಗಾಳಿಗಿಂತ ಒಣಗಿರುತ್ತದೆ, ಬಿಗಿದ ಚರ್ಮ ಹರಿದೀತು ಎಂದು ಗೊತ್ತಿದ್ದೂ ಅವನು ಹೇಳಲೇ ಇಲ್ಲ.