ಕಾಲೇಜೂ ಉಂಟು, ಕವಾಯತೂ ಉಂಟು

ಮಕ್ಕಳು ಅಪ್ಪನ ಸಹಿ ಕೇಳುವುದು ಹೊಸದಲ್ಲ. ಮಾರ್ಕ್ಸ್ ಕಾರ್ಡಿಗೆ ಕೇಳುತ್ತಾರೆ, ಪಿಕ್‌ನಿಕ್ಕಿಗೂ ಕೇಳುತ್ತಾರೆ. ಆದರೆ ಮಲೇಷಿಯಾದ ಸುಬಾಂಗ್ ಜಯಾದಲ್ಲಿರುವ ದೇವದಾಸರ ಮನೆಯಲ್ಲಿ ಮಗಳು ಕೇಳಿದ ಒಂದು ಸಹಿಗೆ ಬುಧವಾರದಿಂದ ಮನೆಯೆಲ್ಲ ಕಹಿ.

ಮಗಳು ವಿಸ್ಮಯಾ ಸರಕಾರಿ ಯೂನಿವರ್ಸಿಟಿಯಲ್ಲಿ ಮೊದಲ ವರ್ಷದ ಕೆಮಿಸ್ಟ್ರಿ ಓದುತ್ತಿದ್ದಳು. ಮಲೇಷಿಯಾದಲ್ಲೇ ಹುಟ್ಟಿದವಳು, ಇಲ್ಲಿಯ ಪ್ರಜೆಯೇ. ಕಾಲೇಜು ಸೇರಿ ತಿಂಗಳಾಗಿರಲಿಲ್ಲ, ಮನೆಗೆ ಹೇಳದೆ ಪಾಲಾಪೆಸ್ ಆಯ್ಕೆಗೆ ಹೋಗಿ, ಓಡಿ, ಎತ್ತರ ತೂಕ ಅಳೆಸಿ, ಇಂಟರ್‌ವ್ಯೂ ಕೊಟ್ಟು ಪಾಸಾಗಿ ಬಂದಿದ್ದಳು. ಪಾಲಾಪೆಸ್ ಅಂದರೆ ಡಿಗ್ರಿ ಓದುತ್ತಲೇ ಸೇನೆಯ ಮೀಸಲು ಅಧಿಕಾರಿಯಾಗುವ ತರಬೇತಿ. ಹೆತ್ತವರ ಒಪ್ಪಿಗೆಯ ಫಾರ್ಮು ಶುಕ್ರವಾರ ಮಧ್ಯಾಹ್ನ ಹನ್ನೆರಡರ ಒಳಗೆ ಕೊಡಬೇಕು. ತರಬೇತಿ ಮೂರು ವರ್ಷದ್ದು, ಮೊದಲ ವರ್ಷವೇ ಸೇರಬೇಕು. ಹಾಗಾಗಿ ಬರುವ ವರ್ಷ ನೋಡೋಣ ಅನ್ನುವ ಹಾಗೂ ಇಲ್ಲ.

ದೇವದಾಸರು ಆ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಶರ್ಟಿನ ಜೇಬಿಗೆ ಸೇರಿಸಿದವರು ಹೊರಗೆ ತೆಗೆದೇ ಇರಲಿಲ್ಲ. ಶರ್ಟು ಬದಲಾಯಿಸಿದರೆ ಫಾರ್ಮೂ ಜೇಬು ಬದಲಾಯಿಸುತ್ತಿತ್ತು.

ಗುರುವಾರ ಸಂಜೆ ಅವರ ಹೆಂಡತಿ ಚಂದ್ರಮ್ಮ ಮೇಲಿನ ಮನೆಯ ಸೀತಾಲಕ್ಷ್ಮಿಯನ್ನು ಕರೆದಳು. ಸೀತಾಲಕ್ಷ್ಮಿ ಶಾಲೆಯಲ್ಲಿ ಗಣಿತದ ಟೀಚರ್. ಹತ್ತು ವರ್ಷದ ಹಿಂದೆ ಇದೇ ತರಬೇತಿ ಮುಗಿಸಿದವಳು, ಈಗ ಮೀಸಲು ಸೇನೆಯಲ್ಲಿ ಲೆಫ್ಟಿನೆಂಟ್.

"ಎಂತ ದೇವಣ್ಣ, ನನ್ನನ್ನು ಕಂಡ ಕೂಡ್ಲೆ ಜೇಬಿಗೆ ಕೈ ಹೋಯ್ತಲ್ಲ. ನಾನೇನು ಪಿಕ್‌ಪಾಕೆಟ್ ಮಾಡ್ಲಿಕ್ಕೆ ಬಂದದ್ದಾ?"

"ಕೂತ್ಕೊಳ್ಳಿ ಟೀಚರೇ. ಚಾ ಕುಡೀರಿ. ಸಹಿ ವಿಷಯ ಮಾತ್ರ ಬೇಡ."

"ಚಾಕ್ಕೆ ಸಕ್ಕರೆ ಇಲ್ಲ," ಅಂದಳು ಚಂದ್ರಮ್ಮ. "ಸಹಿ ಆಗುವವರೆಗೆ ಸಿಹಿ ಇಲ್ಲ ಈ ಮನೇಲಿ."

ದೇವದಾಸರು ಕಪ್ಪನ್ನು ಕೆಳಗಿಟ್ಟರು. "ನಮ್ಮಣ್ಣ ಸುಬ್ರಾಯ ಊರಲ್ಲಿ ಬಿಎಸ್ಸಿ ಎರಡನೇ ವರ್ಷದಲ್ಲಿ ಮಿಲಿಟರಿ ಸೇರಿದ. ಆಮೇಲೆ ಓದ್ತೇನೆ ಅಂದ. ಆ ಆಮೇಲೆ ಬರ್ಲೇ ಇಲ್ಲ. ಪೆನ್ಷನ್ ತಗೊಂಡು ಬಂದ ಮೇಲೆ ಕೆಲಸಕ್ಕೆ ಎಲ್ಲಿ ಹೋದ್ರೂ ಡಿಗ್ರಿ ಎಲ್ಲಿ ಅಂತ ಕೇಳ್ತಾರೆ. ಅವನು ತಲೆ ತಗ್ಗಿಸಿದ್ದು ನಾನು ನೋಡಿದ್ದೇನೆ. ಮಗಳದ್ದು ನೋಡ್ಲಿಕ್ಕೆ ನನ್ನಿಂದ ಆಗೂದಿಲ್ಲ."

ಬಾಗಿಲ ಬಳಿ ನಿಂತಿದ್ದ ವಿಸ್ಮಯಾಳ ಕಣ್ಣು ತುಂಬಿತ್ತು. "ಅಪ್ಪಾ, ದಿಸ್ ಈಸ್ ನಾಟ್ ಫುಲ್ ಟೈಮ್. ವೀಕೆಂಡಲ್ಲಿ ಟ್ರೇನಿಂಗ್, ಹಾಲಿಡೇಸಲ್ಲಿ ಕ್ಯಾಂಪ್. ಕಾಲೇಜ್ ಬಿಡೂದಿಲ್ಲ."

"ರಜೆಯಲ್ಲೂ ಸಜೆ," ಅಂದರು ಅಪ್ಪ.

ದೇವದಾಸರಿಗೆ ಹೋಟೆಲೊಂದರಲ್ಲಿ ಡ್ಯೂಟಿ ಪಟ್ಟಿ ಬರೆಯುವ ಕೆಲಸ. ಅರವತ್ತು ಜನರಲ್ಲಿ ಯಾರು ಬೆಳಿಗ್ಗೆ, ಯಾರು ರಾತ್ರಿ, ಯಾರಿಗೆ ರಜೆ ಎಂದು ಗೆರೆ ಎಳೆದು ತುಂಬಿಸುವವರು. ಕಾಗದದ ಮೇಲೆ ಕೂರದ ಕೆಲಸ ನೆಲದ ಮೇಲೂ ನಡೆಯದು ಎಂಬುದು ಅವರ ನಂಬಿಕೆ. ಸೀತಾಲಕ್ಷ್ಮಿಗೆ ಅದು ಗೊತ್ತಿತ್ತು.

"ಆಗೂದಿಲ್ಲ ಅಂತ ಬಾಯಲ್ಲಿ ಹೇಳ್ಬೇಡಿ ದೇವಣ್ಣ. ಪಟ್ಟಿ ಹಾಕಿ ತೋರ್ಸಿ."

ದೇವದಾಸರು ಹುರುಪಿನಿಂದಲೇ ಗೆರೆ ಎಳೆದರು. ವಿಸ್ಮಯಾ ಕ್ಲಾಸು, ಲ್ಯಾಬು, ತರಬೇತಿಯ ದಿನಗಳನ್ನು ಓದಿದಳು. ಸೋಮವಾರ ಕೂತಿತು. ಬುಧವಾರ ಕೂತಿತು. ಲ್ಯಾಬು ಕೂತಿತು, ಕ್ಯಾಂಪೂ ಕೂತಿತು. ಕೂರಲಾರದೆ ಚಡಪಡಿಸುತ್ತಿದ್ದವರು ದೇವದಾಸರೊಬ್ಬರೇ. ಆಗ ಸೆಪ್ಟೆಂಬರಿನ ಒಂದು ಶನಿವಾರದ ಮೇಲೆ ಪೆನ್ಸಿಲ್ ನಿಂತಿತು. ಬೆಳಿಗ್ಗೆ ಒಂಬತ್ತಕ್ಕೆ ಕೆಮಿಸ್ಟ್ರಿ ಟೆಸ್ಟು. ಅದೇ ಒಂಬತ್ತಕ್ಕೆ ಕಾಡಿನಲ್ಲಿ ತರಬೇತಿ.

"ನೋಡಿ," ಅಂದರು ಮೆಲ್ಲಗೆ. "ಒಂದೇ ಜೀವ, ಎರಡು ಜಾಗ."

ವಿಸ್ಮಯಾ ಸೀತಾಲಕ್ಷ್ಮಿಯ ಮುಖ ನೋಡಿದಳು. ಸೀತಾಲಕ್ಷ್ಮಿ ನಗಲಿಲ್ಲ.

"ಸುಳ್ಳು ಹೇಳೂದಿಲ್ಲ ದೇವಣ್ಣ. ನನಗೂ ಹೀಗೇ ಆಗಿತ್ತು, ಎರಡನೇ ವರ್ಷ. ಸಾರ್ಜೆಂಟ್ ಹತ್ರ ಕೇಳ್ಲಿಕ್ಕೆ ಹೆದರಿ ಸುಮ್ಮನೆ ತರಬೇತಿಗೆ ಹೋದೆ. ಆ ಪೇಪರ್ ಫೇಲ್. ಮತ್ತೆ ಕೂತು ಬರೆದೆ."

"ಮತ್ತೆ ಎಂತ ಧೈರ್ಯದಲ್ಲಿ ನನ್ನ ಮಗಳನ್ನು ಸೇರ್ಸು ಅಂತೀರಿ?"

"ತಪ್ಪು ತರಬೇತಿಯದ್ದಲ್ಲ, ಬಾಯಿ ಬಿಡದ ನನ್ನದು. ನಿಮ್ಮ ಹೋಟೆಲಲ್ಲಿ ಒಬ್ಬನಿಗೆ ಒಂದು ದಿನ ತೊಂದರೆ ಅಂದ್ರೆ ಕೆಲಸದಿಂದ ತೆಗೀತೀರಾ?"

"ಇಲ್ಲ. ಮುಂಚೆ ಹೇಳಿದ್ರೆ ದಿನ ಬದಲಾಯಿಸ್ತೇನೆ. ಹೇಳದೆ ತಪ್ಪಿಸಿದ್ರೆ ಮಾತ್ರ ಬೈತೇನೆ."

"ತರಬೇತಿಯಲ್ಲೂ ಹಾಗೇ ಉಂಟಾ ಇಲ್ವಾ, ಕೇಳಿ ನೋಡಿ. ಡಿಗ್ರಿ ಬಿಟ್ಟು ಬರ್ಲಿಕ್ಕೆ ಅಲ್ಲಿ ಯಾರೂ ಹೇಳೂದಿಲ್ಲ. ಮೂರು ವರ್ಷ ಸರಿಯಾಗಿ ಮುಗಿಸಿ ಪಾಸಾದ್ರೆ ಸೆಕೆಂಡ್ ಲೆಫ್ಟಿನೆಂಟ್. ನಂತರ ಅವಳ ಕೆಲಸ ಅವಳದ್ದು, ಕರೆದಾಗ ಮಾತ್ರ ಸೇನೆಗೆ ಹೋಗ್ಬೇಕು. ನಾನು ಪಾಠ ಮಾಡೂದು ಬಿಟ್ಟಿದ್ದೇನಾ?"

ದೇವದಾಸರು ಪಟ್ಟಿಯನ್ನೂ ಮಡಚಿ ಜೇಬಿಗೆ ಸೇರಿಸಿದರು. "ನಾಳೆ ನಾನೇ ಹೋಗಿ ಕೇಳ್ತೇನೆ. ಸಹಿ ಅಲ್ಲೇ. ಆಗದಿದ್ರೆ ಫಾರ್ಮನ್ನು ಅಲ್ಲೇ ಹರೀತೇನೆ."

ಶುಕ್ರವಾರ ತರಬೇತಿ ಆಫೀಸಿನ ಸಾಲಿನಲ್ಲಿ ಅಪ್ಪ ಮಗಳ ಸರದಿ ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಕೌಂಟರಿನಲ್ಲಿ ದಪ್ಪ ಮೀಸೆಯ ಸಾರ್ಜೆಂಟ್. ದೇವದಾಸರು ಪಟ್ಟಿ ಬಿಡಿಸಿ, ಆ ಶನಿವಾರದ ಮೇಲೆ ಬೆರಳಿಟ್ಟು, ಹೋಟೆಲಿನಲ್ಲಿ ಕಲಿತ ಮಲಾಯ್ ಭಾಷೆಯಲ್ಲಿ ಕೇಳಿದರು.

ಸಾರ್ಜೆಂಟ್ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದ. "ಮೊದಲು ಪರೀಕ್ಷೆ. ತಾರೀಕು ಗೊತ್ತಾದ ಕೂಡಲೇ ಬರೆದು ಕೊಡಬೇಕು, ತಪ್ಪಿದ ತರಬೇತಿ ಮತ್ತೆ ಮಾಡಬೇಕು. ಹಿಂದಿನ ದಿನ ಬಂದು ಅತ್ತರೆ ನಾನು ಕರ್ಚೀಫ್ ಮಾತ್ರ ಕೊಡಬಲ್ಲೆ."

ದೇವದಾಸರು ಮಗಳ ಕಡೆ ತಿರುಗಿದರು. "ಕೇಳ್ಲಿಕ್ಕೆ ಬಾಯಿ ಉಂಟಾ ನಿನಗೆ? ಇಲ್ಲ, ಹೆದರಿ ಸುಮ್ಮನಿರ್ತೀಯಾ?"

ವಿಸ್ಮಯಾ ನೋಟ್‌ಬುಕ್ ತೆಗೆದಳು. ಒಂದು ಹಾಳೆ ಹರಿದು ಅಲ್ಲೇ ನಿಂತು ಬರೆಯತೊಡಗಿದಳು: ಟೆಸ್ಟಿನ ದಿನ, ಗಂಟೆ, ಅನುಮತಿ ಬೇಕು ಎಂಬ ಎರಡು ಸಾಲು. ಹಿಂದಿನವರು ಗೊಣಗಿದರು. ಗಡಿಯಾರ ಹನ್ನೆರಡಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಅವಳು ಪೂರ್ತಿ ಬರೆದು, ಸಾರ್ಜೆಂಟನ ಕಣ್ಣಲ್ಲಿ ಕಣ್ಣಿಟ್ಟು ಹಾಳೆ ಕೊಟ್ಟಳು. ಅವನು ಅದರ ಮೇಲೆ ಠಸ್ಸೆ ಒತ್ತಿದ.

ದೇವದಾಸರು ಜೇಬಿನ ಫಾರ್ಮು ಬಿಡಿಸಿ, ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಸಹಿ ಹಾಕಿ ಕೊಟ್ಟರು. "ಅಣ್ಣನಿಗೆ ಹೀಗೆ ಕೇಳು ಅಂತ ಹೇಳುವವರು ಯಾರೂ ಇರ್ಲಿಲ್ಲ," ಅಂದರು.

ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಫಾರ್ಮೊಂದು ಯಾವುದೋ ಜೇಬಿನಲ್ಲಿ ಬೆವರುತ್ತಿರಬಹುದು. ಹೊರಗೆ ತೆಗೆಯಿರಿ. ಮಗ, ಮಗಳು ಈ ದೇಶದ ಪ್ರಜೆಯೇ, ಆರೋಗ್ಯ ಗಟ್ಟಿ ಇದೆಯೇ, ಅವರ ಯೂನಿವರ್ಸಿಟಿಯಲ್ಲಿ ಈ ತರಬೇತಿ ಇದೆಯೇ ಎಂದು ಮೊದಲ ವರ್ಷವೇ ವಿಚಾರಿಸಿ. ಪರೀಕ್ಷೆಯ ದಿನಗಳನ್ನು ಹಿಡಿದುಕೊಂಡು ಆಫೀಸಿಗೆ ನೀವೇ ಹೋಗಿ ಕೇಳಿ. ಕೇಳಿದ ಮೇಲೆ ಬೇಡ ಅನ್ನಿಸಿದರೆ ಬೇಡ ಅನ್ನಿ, ಅದು ನಿಮ್ಮ ಹಕ್ಕು. ಕೇಳುವ ಮೊದಲೇ ಬೇಡ ಅನ್ನಬೇಡಿ. ಡಿಗ್ರಿಯೂ ಪದವಿ, ಅಧಿಕಾರವೂ ಪದವಿ. ಓದುವ ಮಕ್ಕಳಿಗೆ ಎರಡನ್ನೂ ಹೊರುವ ಹೆಗಲಿದೆ.