ಮುನ್ನೂರಿಪ್ಪತ್ತು ಡಿಗ್ರಿಯ ಆಚೆ

೧
ಎಲ್ಲಿಂದ ಶುರು ಮಾಡಲಿ? ಹೊಗೆಯಿಂದ ಶುರು ಮಾಡಿದರೆ ನೀವು ಓದುತ್ತೀರಿ. ಆದರೆ ಹೊಗೆ ಎದ್ದಾಗ ನಾನೆಲ್ಲಿದ್ದೆ ಎಂದೂ ಕೇಳುತ್ತೀರಿ. ಅದೇ ತೊಂದರೆ.

೨ (ಮೊದಲ ಕರಡು)
ಅಮೆರಿಕದ ಡುಲೂತ್‌ನ ನಮ್ಮ ಲ್ಯಾಬಿನಲ್ಲಿ ನನ್ನ ಜೊತೆಗಾತಿ ಮಾರಿತ್ ಕಬ್ಬಿಣದ ಆಕ್ಸೈಡಿನ ನ್ಯಾನೋ ಹರಳು ಬೆಳೆಸುತ್ತಿದ್ದಳು. ಫ್ಲಾಸ್ಕಿನಲ್ಲಿ ಎಣ್ಣೆ, ಕೆಳಗೆ ಹೀಟರ್, ಮುನ್ನೂರಿಪ್ಪತ್ತು ಡಿಗ್ರಿಗೆ ನಿಲ್ಲಬೇಕು. ಶಾಖ ಅಳೆಯುವ ಕಡ್ಡಿ ಎಣ್ಣೆಯಿಂದ ಜಾರಿ ಹೊರಬಂದದ್ದನ್ನು ಯಾರೂ ನೋಡಲಿಲ್ಲ. ಹೊರಗಿನ ಗಾಳಿಯ ಶಾಖ ತೋರಿಸುತ್ತಿದ್ದ ಕಡ್ಡಿಯನ್ನು ನಂಬಿದ ಹೀಟರ್ ಕಾಯಿಸುತ್ತಲೇ ಹೋಯಿತು. ಬಿಳಿ ಹೊಗೆ ಎದ್ದಿತು. ನಾನು ನುಗ್ಗಿ ಪ್ಲಗ್ ಕಿತ್ತೆ.

೩
ಮಾರಿತ್ ಇದನ್ನು ಕಾಡಕ್ಕಿ ಸೂಪು ಕುಡಿಯುತ್ತ ಓದಿದಳು. ಬಲಗೈಗೆ ಬ್ಯಾಂಡೇಜು, ಚಮಚ ಎಡಗೈಯಲ್ಲಿ.
“ಪ್ಲಗ್ ಕಿತ್ತಿದ್ದು ಯಾರಪ್ಪಾ?”
“ಕಥೆ ಕಣೇ ಇದು.”
“ಹಾಗಾದ್ರೆ ಈ ಸುಟ್ಟ ಕೈನೂ ನೀನೇ ಇಟ್ಕೋ.”

೪
(ಎರಡನೇ ಕರಡಿನಲ್ಲಿ ನಾನು ಅಲಾರಂ ಒತ್ತಲು ಓಡುತ್ತೇನೆ. ಹರಿದು ಹಾಕಿದೆ. ಅಲಾರಂ ಬಾಗಿಲ ಪಕ್ಕದಲ್ಲೇ ಇತ್ತು; ಅದನ್ನು ದಾಟಿಕೊಂಡೇ ಓಡಿದ್ದೆ.)

೫
ನಡೆದದ್ದು ಇಷ್ಟು. “ಎಲ್ವಿನ್, ಪ್ಲಗ್ ಕೀಳೋ!” ಎಂದು ಅವಳು ಕಿರುಚಿದಳು. ಪ್ಲಗ್ ನನ್ನ ಮೊಣಕೈ ಪಕ್ಕದಲ್ಲಿತ್ತು. ನನಗೆ ಎಚ್ಚರ ಬಂದದ್ದು ಪಾರ್ಕಿಂಗ್ ಲಾಟಿನ ಹಿಮದಲ್ಲಿ, ಕೋಟಿಲ್ಲದೆ ನಿಂತಾಗ. ಅವಳು ಫ್ಲಾಸ್ಕಿನ ಮೇಲಿಂದ ಕೈ ಚಾಚಿ ತಾನೇ ಕಿತ್ತಳಂತೆ.

೬
ಇಲ್ಲಿಗೆ ಮುಗಿಸಿಬಿಡುತ್ತಿದ್ದೆ. ಆದರೆ ಮಾರಿತ್ ಆ ಸೀದ ಎಣ್ಣೆಯನ್ನು ಚೆಲ್ಲಲಿಲ್ಲ. ಹರಳುಗಳನ್ನು ತೊಳೆದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇಟ್ಟಳು. ಪರದೆ ತುಂಬ ಸಕ್ಕರೆ ತುಂಡಿನಂಥ ಘನಗಳು. ಹದಿನಾಲ್ಕು ನ್ಯಾನೋಮೀಟರ್, ಒಂದೂ ಸೊಟ್ಟಗಿಲ್ಲ. ಐದು ವರ್ಷದಿಂದ ಕೈಗೆ ಸಿಗದಿದ್ದವು.

“ಎಷ್ಟು ಡಿಗ್ರಿ ಮುಟ್ಟಿತ್ತು?” ಲ್ಯಾಬಿನ ಮುಖ್ಯಸ್ಥ ಪ್ರೊಫೆಸರ್ ಹೌಗೆನ್ ಕೇಳಿದರು.
“ಗೊತ್ತಿಲ್ಲ ಸರ್. ಕಡ್ಡಿ ಹೊರಗಿತ್ತಲ್ಲ,” ಎಂದಳು.
“ಸೋಮವಾರ ಮತ್ತೆ ಮಾಡಿ. ಕಡ್ಡಿ ಒಳಗೇ ಇರ್ಲಿ. ಹೊಗೆ ಏಳೋವರೆಗೂ ಕಾಯ್ಸಿ.”

ಮಾರಿತ್ ನನ್ನ ಕಡೆ ತಿರುಗಿದಳು. “ಪ್ಲಗ್ ಹತ್ರ ನೀನು ನಿಲ್ಬೇಕು.”
“ಬೇರೆ ಯಾರನ್ನಾದ್ರೂ ಕರ್ಕೊಳ್ಳೇ, ನಿನ್ನ ದಮ್ಮಯ್ಯ.”
“ನಿನ್ನ ಹೆದರಿಕೆ ನಾನು ನೋಡಿದೀನಿ. ಬೇರೆಯವರದ್ದು ನೋಡಿಲ್ಲ.”

೭
ಮೂರು ಮುಕ್ತಾಯ ಬರೆದಿದ್ದೆ. ಒಂದರಲ್ಲಿ ನಾನು ವೀರ. ಇನ್ನೊಂದರಲ್ಲಿ ಗಾಜು ಸಿಡಿಯುತ್ತದೆ. ಮೂರನೆಯದರಲ್ಲಿ ಸೋಮವಾರ ನನಗೆ ಜ್ವರ. (ಇದು ಮಾತ್ರ ಚೆನ್ನಾಗಿ ಬಂದಿತ್ತು.) ಮೂರನ್ನೂ ಅಳಿಸಿದ್ದೇನೆ.

ಸೋಮವಾರ ಬೆಳಿಗ್ಗೆ ಹನ್ನೊಂದು. ಮುನ್ನೂರ ನಲವತ್ತು ಡಿಗ್ರಿ. ಎಣ್ಣೆ ಕಪ್ಪಾಗುತ್ತಿದೆ. ಪ್ಲಗ್ ಹಿಡಿದ ಕೈ ಬೆವರಿ ಜಾರುತ್ತಿದೆ.
“ಇದ್ದೀಯೇನೋ?” ಮಾರಿತ್ ತಿರುಗಿ ನೋಡದೆ ಕೇಳುತ್ತಾಳೆ.
“ಇದ್ದೀನಿ.”
ಮುನ್ನೂರ ಅರವತ್ತು. ಫ್ಲಾಸ್ಕಿನ ಕತ್ತಿನಲ್ಲಿ ಬೆಳ್ಳಗೆ ಏನೋ ಏಳುತ್ತಿದೆ. ಇಲ್ಲಿಯವರೆಗಿನದು ನಿಜ. ಮುಂದಿನ ವಾಕ್ಯ ಬರೆಯಬೇಕಾದರೆ ಈ ಕೈಯನ್ನು ಪ್ಲಗ್ಗಿನಿಂದ ಬಿಡಿಸಿಕೊಳ್ಳಬೇಕು, ಬಿಡಿಸಿಕೊಳ್ಳಲಾರೆ.