ಹೊಕ್ಕುಳಿನ ನೀಲಿ ಹರಳು

ಹಟ್ಟಿಕೇರಿಯ ಮನೆಗೆ ಬೀಗ ಹಾಕಿ, ಕಾರವಾರದ ಹಬ್ಬುವಾಡದಲ್ಲಿದ್ದ ತಂಗಿಯ ಮನೆಗೆ ಬಂದಿಳಿದಾಗ ಗೋದಾವರಿಯ ಹೊಟ್ಟೆ ತುಂಬು ಬಸುರಿಯದ್ದರಂತೆ ಊದಿತ್ತು. ಉಳಿದ ಮೈಯೆಲ್ಲ ಸೊರಗಿ ಹೋಗಿತ್ತು. ಅಂಡಾಶಯದಲ್ಲಿ ಗಡ್ಡೆ ಇದೆ, ಹೊಟ್ಟೆಯಲ್ಲಿ ನೀರು ತುಂಬಿದೆ, ತಡ ಮಾಡದೆ ಮಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ತಂಗಿ ನಾಗಶ್ರೀ ಅಳುತ್ತ ಬಾಗಿಲು ತೆಗೆದರೆ, ಗೋದಾವರಿ ಚಪ್ಪಲಿ ಬಿಡುತ್ತ, "ಮೊದ್ಲು ಒಂದು ಲೋಟ ನೀರು ಕೊಡು, ಅಳೂದು ಆಮೇಲೆ" ಎಂದಳು.

ಅವಳು ಇದ್ದದ್ದೇ ಹಾಗೆ. ಅಂಕೋಲೆ ಕಡೆಯ ಹೈಸ್ಕೂಲೊಂದರಲ್ಲಿ ಆಟ ಕಲಿಸುವ ಅಕ್ಕೋರು. ಕೊರಳಲ್ಲಿ ಸೀಟಿ, ಸೆರಗು ಭುಜಕ್ಕೂ ಸೊಂಟಕ್ಕೂ ಪಿನ್ನು ಹಾಕಿ ಬಿಗಿದದ್ದು. ಅಪ್ಪ ಮೊದಲೇ ಇರಲಿಲ್ಲ. ಅವ್ವ ತೀರಿಕೊಂಡಾಗ ನಾಗಶ್ರೀ ಇನ್ನೂ ಲಂಗ ಹಾಕುವ ಹುಡುಗಿ. ಅವಳ ತಲೆ ಬಾಚಿ, ಓದಿಸಿ, ಮದುವೆ ಮಾಡಿಸಿದ್ದು ಅಕ್ಕನೇ. ಗದರಿದ್ದೂ ಅಕ್ಕನೇ. ಕಾಲೇಜಿಗೆ ಹೋಗುವಾಗ ನಾಗಶ್ರೀ ಗೆಳತಿಯರ ಜೊತೆ ಹೋಗಿ ಕಿವಿಗೆ ಎರಡನೆಯ ತೂತು ಚುಚ್ಚಿಸಿಕೊಂಡು ಬಂದಿದ್ದಳು. ಅಕ್ಕ ಆ ಸಂಜೆಯೇ ಅದರ ಓಲೆ ತೆಗೆಸಿದ್ದಳು. ಆಮೇಲೆ ತೂತು ಮುಚ್ಚಿಕೊಂಡಿತು. ಅದರ ನೋವು ಮಾತ್ರ ನಾಗಶ್ರೀಯ ಮನಸ್ಸಿನಲ್ಲಿ ಎಲ್ಲೋ ಉಳಿದಿತ್ತು.

ಮಂಗಳೂರಿಗೆ ಹೊರಡುವ ಮುನ್ನಾದಿನ ಮಧ್ಯಾಹ್ನ ನಾಗಶ್ರೀಯ ಗಂಡ ಸಂದೀಪ ಆಫೀಸಿನಲ್ಲಿದ್ದ. ಗೋದಾವರಿ ಬಚ್ಚಲಿಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನಾಗಶ್ರೀ ಬಾಗಿಲು ಬಡಿದಾಗ ಬಂದಳು, ಮುಖ ಬೆವರಿತ್ತು.

"ನಾಗು, ಕೋಣೆಗೆ ಬಾ. ಬಾಗ್ಲು ಹಾಕು" ಎಂದಳು. ಮಂಚದ ಮೇಲೆ ಕೂತಳು. "ನಂದೊಂದು ಕೆಲ್ಸ ಮಾಡ್ಕೊಡ್ಬೇಕು ನೀನು. ಎರಡು ದಿವ್ಸದಿಂದ ನಾನೇ ನೋಡ್ದೆ. ಹೊಟ್ಟೆ ಅಡ್ಡ ಬತ್ತದೆ, ಎಂತದೂ ಕಾಣೂದಿಲ್ಲ."

"ಎಂತಾ ಅಕ್ಕ?"

ಗೋದಾವರಿ ಮಲಗಿ ನೈಟಿಯನ್ನು ಮೇಲೆ ಸರಿಸಿದಳು. ಬಿಗಿದು ಹೊಳೆಯುವ ಚರ್ಮ, ಅದರಡಿ ಹಸಿರು ನರ. ನಡುವೆ, ಉಬ್ಬಿ ಹೊರಗೆ ಬಂದ ಹೊಕ್ಕುಳಿನ ಮೇಲಂಚಿನಲ್ಲಿ ಬಾಗಿದ ಒಂದು ಸಣ್ಣ ಉಕ್ಕಿನ ಕಡ್ಡಿ. ಮೇಲ್ತುದಿಗೆ ಕಡಲೆಗಿಂತ ಚಿಕ್ಕ ಗುಂಡು, ಕೆಳಗೆ ನೀಲಿ ಹರಳು.

ನಾಗಶ್ರೀಗೆ ಮೊದಲು ಅದು ಆಸ್ಪತ್ರೆಯವರು ಹಾಕಿದ್ದು ಅನ್ನಿಸಿತು. ಆಮೇಲೆ ಹರಳು ನೋಡಿ ಅದು ಚುಚ್ಚಿಸಿಕೊಂಡ ಒಡವೆ ಎಂದು ಗೊತ್ತಾಯಿತು.

"ಸ್ಕ್ಯಾನಿಂಗಿನವ್ಳು ನೋಡಿದ್ಳು" ಎಂದಳು ಗೋದಾವರಿ ಮೇಲೆ ಮಾಡಿನತ್ತ ನೋಡುತ್ತ. "ಆಪರೇಷನ್ನಿಗೆ ಮೈಮೇಲೆ ಎಂತದೂ ಇರೂಕಾಗ, ತೆಗ್ದೇ ಬನ್ನಿ ಅಂದಳು. ಅಲ್ಲಿ ನಾಲ್ಕು ಜನ ನಿಂತ್ಕಂಡು ನೋಡೂದು ಬೇಡ. ನೀ ತೆಗಿ."

"ನಂಗೆ ಬರೂದಿಲ್ಲ ಅಕ್ಕ. ಹೆದ್ರಿಕೆ ಆಗ್ತದೆ."

"ನಾ ಹೇಳಿಕೊಡ್ತೆ. ಮೊದ್ಲು ಸರೀ ನೋಡು. ಸುತ್ತ ಕೆಂಪಾಗಿದ್ಯಾ? ಕೀವು? ಮುಟ್ಟಿದ್ರೆ ಬಿಸಿ ಉಂಟಾ? ಹಂಗಿದ್ರೆ ನಾವು ಮುಟ್ಟೂದೇ ಬೇಡ, ಡಾಕ್ಟ್ರೇ ತೆಗೀಲಿ."

ನಾಗಶ್ರೀ ಬಗ್ಗಿ ನೋಡಿದಳು. ಕೆಂಪಿರಲಿಲ್ಲ, ಕೀವಿರಲಿಲ್ಲ. ಚರ್ಮ ಎಳೆದಂತಾಗಿ ಕಡ್ಡಿ ಬಿಗಿಯಾಗಿತ್ತು. ಅಂಚಿನಲ್ಲಿ ಸ್ವಲ್ಪ ಒಣಗಿದ ಹಕ್ಕಳೆ.

ಆಮೇಲೆ ಗೋದಾವರಿ ಮಲಗಿದಲ್ಲಿಂದಲೇ, ಮೈದಾನದಲ್ಲಿ ಹುಡುಗಿಯರಿಗೆ ಹೇಳುವಂತೆ ಒಂದೊಂದಾಗಿ ಹೇಳಿದಳು. ನಾಗಶ್ರೀ ಸೋಪು ಹಾಕಿ ಮೊಣಕೈಯ ತನಕ ತೊಳೆದು ಬಂದಳು. ಕುದಿಸಿ ಆರಿಸಿದ ನೀರಿಗೆ ಚೂರು ಉಪ್ಪು ಹಾಕಿ ತಂದಳು. ಉಗುರುಬೆಚ್ಚಗಿನ ಆ ನೀರಿನಲ್ಲಿ ಅದ್ದಿದ ಹೊಸ ಬ್ಯಾಂಡೇಜು ಬಟ್ಟೆಯನ್ನು ಹೊಕ್ಕುಳಿನ ಮೇಲೆ ಇಟ್ಟು, ಹಕ್ಕಳೆ ತಾನಾಗಿ ಮೆತ್ತಗಾಗುವ ತನಕ ಕಾದಳು. ಕೊಬ್ಬರಿ ಎಣ್ಣೆ ತರಲು ಎದ್ದಾಗ ಅಕ್ಕ ತಡೆದಳು.

"ಎಣ್ಣೆ ಹಾಕಿದ್ರೆ ಗುಂಡು ಬೆರಳಿಗೆ ಸಿಕ್ಕೂದಿಲ್ಲ, ಜಾರ್ತದೆ. ಚೀಲದಾಗೆ ಗ್ಲೌಸ್ ಉಂಟು, ಹಾಕ್ಕ. ಕೆಳಗಿನ ಹರಳು ಹಿಡ್ಕ. ಮೇಲಿನ ಗುಂಡು ಎಡಕ್ಕೆ ತಿರುಗ್ಸು."

ತಿರುಗಿಸಿದರೆ ಗುಂಡು ಕದಲಲಿಲ್ಲ. ಗೋದಾವರಿ ತುಟಿ ಕಚ್ಚಿದಳು.

"ಸಂದೀಪನ ಪಕ್ಕಡ್ ತರ್ಲಾ?"

"ಬೇಡ. ಪಕ್ಕಡ್ ಜಾರಿದ್ರೆ ಚರ್ಮ ಹರೀತದೆ. ಮತ್ತೆ ಬಿಸಿ ಬಟ್ಟೆ ಇಡು. ಅವಸರ ಮಾಡ್ಬೇಡ, ಎಳೀಬೇಡ."

ಬಟ್ಟೆ ಒತ್ತಿ ಹಿಡಿದು ಕೂತಾಗ ನಾಗಶ್ರೀ ಕೇಳಿಯೇಬಿಟ್ಟಳು. "ಯಾವಾಗ ಹಾಕ್ಸ್ಕಂಡದ್ದು?"

"ನಿನ್ನ ಮದ್ವೆ ಆದ್ಮೇಲೆ. ಮಡಗಾಂವಿಗೆ ಕಬಡ್ಡಿ ನೋಡೂಕೆ ಹೋಗಿದ್ದೆ. ಬರೂವಾಗ ಇಂಥದ್ದು ಚುಚ್ಚೂ ಅಂಗಡಿ ಕಂಡ್ತು. ಹೋದೆ."

"ಯಾರಿದ್ರು ಜೊತೆಗೆ?"

"ಯಾರಿಲ್ಲ."

"ಯಾರಾದ್ರೂ ಹೇಳಿದ್ರಾ, ನಿಂಗೆ ಚೆಂದ ಕಾಣ್ತದೆ ಅಂತ?"

ತಂಗಿ ಏನು ಹುಡುಕುತ್ತಿದ್ದಾಳೆ ಎಂದು ಗೋದಾವರಿಗೆ ತಿಳಿಯಿತು. ಅವಳು ನಕ್ಕಳು, ಹೊಟ್ಟೆ ನೋವಾಗಿ ನಗು ಅರ್ಧಕ್ಕೇ ನಿಂತಿತು. "ಯಾವ ಗಂಡಸೂ ಇರ್ಲಿಲ್ಲ ಮಾರಾಯ್ತಿ. ನಂಗೇ ಚೆಂದ ಅನ್ಸ್ತು. ಸ್ನಾನ ಮಾಡೂವಾಗ ನೋಡ್ಕಂತಿದ್ದೆ. ಅಷ್ಟೆ."

ತನ್ನ ಅಕ್ಕ ಕನ್ನಡಿಯೆದುರು ನಿಂತು ತನ್ನನ್ನೇ ನೋಡಿ ಸಂತೋಷಪಟ್ಟದ್ದನ್ನು ನಾಗಶ್ರೀ ಎಂದೂ ಊಹಿಸಿರಲಿಲ್ಲ. ಇಷ್ಟು ವರ್ಷ ಹಬ್ಬಕ್ಕೆ ಬೂದುಬಣ್ಣದ ಸೀರೆಯನ್ನೇ ತಂದುಕೊಟ್ಟಿದ್ದಳು. ಅಕ್ಕನಿಗೆ ಬಣ್ಣ ಆಗುವುದಿಲ್ಲ ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದಳು.

"ನನ್ನ ಕಿವಿದು ಮಾತ್ರ ತೆಗೆಸಿದ್ಯಲ್ಲ" ಎಂದಳು, ಸಿಟ್ಟೋ ಅಳುವೋ ತಿಳಿಯದ ದನಿಯಲ್ಲಿ.

"ಹೌದು. ಅವ್ವಿಲ್ಲದ ಹುಡುಗಿ, ಕೇಳುವವ್ರಿಲ್ಲ, ಅಂತ ನಿನ್ನ ಆಡ್ಕಂತಾರೆ ಅಂತ ಹೆದ್ರಿಕೆ ನಂಗೆ. ನಿಂದು ಎಲ್ಲರಿಗೂ ಕಾಣ್ತಿತ್ತು. ನಂದು ಯಾರಿಗೂ ಕಾಣೂದಿಲ್ಲ." ತಂಗಿಯ ಕಿವಿ ನೋಡಿ, "ತೆಗೆಸ್ಬಾರ್ದಿತ್ತು. ಬಾಳ ಅತ್ತಿದ್ದೆ ನೀನು" ಎಂದಳು.

ಈ ಸಲ ಗುಂಡು ತಿರುಗಿತು. ನಾಗಶ್ರೀ ಅದನ್ನು ಬಿಚ್ಚಿ ತಟ್ಟೆಯಲ್ಲಿಟ್ಟು, ಹರಳನ್ನು ಹಿಡಿದು ಕಡ್ಡಿಯನ್ನು ಅದರ ಬಾಗಿಗೆ ಸರಿಯಾಗಿ ಮೆಲ್ಲಗೆ ಕೆಳಕ್ಕೆ ಜಾರಿಸಿದಳು. ರಕ್ತ ಬರಲಿಲ್ಲ. ಉಪ್ಪುನೀರಿನಲ್ಲಿ ಮತ್ತೊಮ್ಮೆ ಒರೆಸಿದಳು. ಅರಿಶಿನ ಹಚ್ಚಲೇ ಎಂದರೆ ಅಕ್ಕ ಅದೂ ಬೇಡ, ಒಣಗಲಿ ಬಿಡು ಎಂದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಭುಜ ಅಲುಗುತ್ತಿತ್ತು. ಸ್ಕ್ಯಾನಿಂಗಿನ ವರದಿ ಬಂದ ದಿನವೂ ಅಳದವಳು ಈಗ ಅಳುತ್ತಿದ್ದಳು. ನಾಗಶ್ರೀ ಗ್ಲೌಸು ತೆಗೆದು, ಅವಳ ಬೆನ್ನಿಗೆ ಕೈಯಿಟ್ಟು ಕೂತಳು.

ಮಂಗಳೂರಿನಲ್ಲಿ ಹೊಟ್ಟೆ ಕೊಯ್ದು ನೋಡಿದ ಡಾಕ್ಟರು ಬಹಳ ತೆಗೆಯಲಾಗಲಿಲ್ಲ, ಎಲ್ಲ ಕಡೆ ಹಬ್ಬಿದೆ ಎಂದರು. ಹೊಲಿಗೆ ಹೊಕ್ಕುಳನ್ನು ಬಳಸಿ ಕೆಳಗಿಳಿದಿತ್ತು. ಡ್ರೆಸ್ಸಿಂಗ್ ಬದಲಿಸುವ ದಿನ ಗೋದಾವರಿ ತಂಗಿಯನ್ನು ಹತ್ತಿರ ಕರೆದು, "ತೂತು ಮುಚ್ಚಿತಾ ನೋಡು" ಎಂದಳು.

ಬಹಳ ವರ್ಷದ ತೂತು. ಅಷ್ಟು ಬೇಗ ಮುಚ್ಚಿರಲಿಲ್ಲ. ಎಳ್ಳಿನಷ್ಟು ಚುಕ್ಕೆ ಕಾಣುತ್ತಿತ್ತು.

"ಇಲ್ಲ ಅಕ್ಕ. ಉಂಟು."

"ಇರ್ಲಿ" ಎಂದು ಅವಳು ಕಣ್ಣು ಮುಚ್ಚಿದಳು.

ನಾಗಶ್ರೀ ಊರಿಗೆ ಬಂದವಳೇ ನವಿಲು ಬಣ್ಣದ ಸೀರೆ ತಂದಳು. ಗೋದಾವರಿ ಅದನ್ನು ಹಬ್ಬುವಾಡದ ಮನೆಯಲ್ಲಿ ಒಂದೇ ಸಲ ಉಟ್ಟಳು. ಮಳೆಗಾಲ ಹಿಡಿಯುವ ಮೊದಲೇ ತೀರಿಕೊಂಡಳು.

ಶಾಲೆ ಶುರುವಾದ ಮೇಲೆ ಶ್ರದ್ಧಾಂಜಲಿ ಸಭೆ ಇಟ್ಟರು. ಅವಳ ಜೊತೆ ಕೆಲಸ ಮಾಡಿದ ಹರಿಶ್ಚಂದ್ರ ಮಾಸ್ತರರು ಮಾತಾಡಿದರು. "ಗೋದಾವರಿ ಅಕ್ಕೋರು ತಮಗೆ ಅಂತ ಏನನ್ನೂ ಬಯಸಿದವರಲ್ಲ. ಆಸೆಯೇ ಇಲ್ಲದ ಜೀವ" ಎಂದರು. ಎಲ್ಲರೂ ತಲೆದೂಗಿದರು. ಆಮೇಲೆ ನಾಗಶ್ರೀಯನ್ನು ಎರಡು ಮಾತಿಗೆ ಕರೆದರು.

ಅವಳು ಎದ್ದು ನಿಂತು, ಸೆರಗಿನ ತುದಿ ಹಿಡಿದುಕೊಂಡು, "ಮಾಸ್ತರು ಬೇಜಾರು ಮಾಡ್ಕಳ್ಬಾರ್ದು. ಅಕ್ಕನಿಗೆ ಆಸೆ ಇತ್ತು" ಎಂದಳು. "ಅವ್ಳಿಗೆ ಚೆಂದ ಕಾಣೂದು ಇಷ್ಟ ಇತ್ತು. ನಾವು ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಮುಂದಿನ ಸಾಲಿನಲ್ಲಿ ಕೂತಿದ್ದ ಕಬಡ್ಡಿ ಹುಡುಗಿಯರು ತಲೆಯೆತ್ತಿ ನೋಡಿದರು. ನಾಗಶ್ರೀಗೆ ಇನ್ನೂ ಹೇಳುವುದಿತ್ತು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕೈ ಮುಗಿದು ಬಂದು ಸಂದೀಪನ ಪಕ್ಕ ಕೂತಳು. ಅವನು ತನ್ನ ಕರವಸ್ತ್ರ ಕೊಟ್ಟ.